ಅಕ್ಕನ ಅಳತೆ

ಜನವರಿ ೧೧

ಅಕ್ಕಾ,

ಈ ಕಾಗದವನ್ನು ಮನೆಗೆ ಕಳಿಸದೆ ನೀನು ಕೆಲಸ ಮಾಡುವ ಟೈಲರಿಂಗ್ ಅಂಗಡಿಯ ವಿಳಾಸಕ್ಕೆ ಕಳಿಸಿರುವುದು ಅಮ್ಮನಿಗೆ ಗೊತ್ತಾಗಬಾರದು ಎಂದು. ಫೋನ್ ಮಾಡಿದರೆ ಸ್ಪೀಕರ್ ಹಾಕಿಸಿ ಪಕ್ಕದಲ್ಲೇ ಕೂರುತ್ತಾಳೆ. ಮೆಸೇಜು ಕಳಿಸಿದರೆ ನಿನಗಿಂತ ಮೊದಲು ಓದಿ ನಿನಗೆ ಅರ್ಥ ಹೇಳುತ್ತಾಳೆ.

ನಾನು ಎದೆಯ ಆಪರೇಷನ್ ಮಾಡಿಸಿಕೊಳ್ಳುತ್ತಿದ್ದೇನೆ. ಗಾಬರಿ ಬೀಳಬೇಡ, ಗಂಟು ಗಿಂಟು ಏನೂ ಇಲ್ಲ. ಅಂದಕ್ಕೆ, ಅಷ್ಟೆ. ಜೋತು ಬಿದ್ದದ್ದನ್ನು ಮೇಲೆತ್ತಿ, ಎರಡೂ ಕಡೆ ಒಳಗೆ ಸಿಲಿಕೋನಿನ ಇಂಪ್ಲಾಂಟ್ ಇಡುತ್ತಾರೆ. ಸ್ಟೀರಾಯ್ಡ್ ತಿಂದ ವರ್ಷಗಳಲ್ಲಿ ಊದಿಕೊಂಡು, ಬಿಟ್ಟ ಮೇಲೆ ಇಳಿದು, ಈಗ ಅಲ್ಲಿ ಉಳಿದಿರುವುದು ಎಷ್ಟು ಎಂದು ಬೇರೆ ಯಾರಿಗಲ್ಲದಿದ್ದರೂ ನಿನಗೆ ಗೊತ್ತು. ನನ್ನ ರವಿಕೆಗಳಿಗೆಲ್ಲ ಒಳಗಿಂದ ಪ್ಯಾಡ್ ಇಟ್ಟು, ಎಡಕ್ಕೆ ಮಾತ್ರ ಒಂದು ಪದರ ಹೆಚ್ಚು ಕೊಟ್ಟು, ನೋಡಿದವರಿಗೆ ಸಮ ಕಾಣುವಂತೆ ಮಾಡುವವಳು ನೀನೇ.

ಲೂಪಸ್ ಸುಮ್ಮನಾಗಿ ಮೂರು ವರ್ಷ ದಾಟಿತು. ಕೀಲಿನ ಡಾಕ್ಟರು ರಕ್ತ, ಮೂತ್ರ ಎಲ್ಲ ನೋಡಿ, ಈಗ ಮಾಡಿಸಿಕೊಳ್ಳಬಹುದು ಎಂದಿದ್ದಾರೆ. ಗಾಯ ನಿಧಾನವಾಗಿ ಮಾಯುತ್ತದೆ, ಸೋಂಕಿನ ಭಯ ಬೇರೆಯವರಿಗಿಂತ ಹೆಚ್ಚು, ಅದನ್ನೂ ಹೇಳಿದ್ದಾರೆ. ಮುಚ್ಚಿಟ್ಟಿಲ್ಲ.

ನಿನಗೇ ಮೊದಲು ಹೇಳಬೇಕು ಅನ್ನಿಸಿತು. ನಮ್ಮಿಬ್ಬರದು ಕಾಯಿಲೆಯೂ ಒಂದೇ, ಅಳತೆಯೂ ಒಂದೇ.

ನಿನ್ನ,
ಸಣ್ಣಿ


ಜನವರಿ ೨೦

ಸಣ್ಣೀ,

ನಿನ್ನ ಕಾಗದವನ್ನು ಕಾಜಾ ಹಾಕುವವಳು ತಂದುಕೊಟ್ಟಳು. ಪ್ರೇಮಪತ್ರವಾ ಎಂದು ಕೇಳಿದಳು. ತಂಗಿಯದು ಎಂದೆ. ಹಾಗಾದರೆ ದುಡ್ಡಿಗಿರಬೇಕು ಎಂದು ಗುಂಡಿ ಬಾಯಲ್ಲಿಟ್ಟುಕೊಂಡೇ ನಕ್ಕಳು. ಎರಡೂ ಅಲ್ಲ ಎಂದು ಅವಳಿಗೆ ಹೇಗೆ ಹೇಳಲಿ?

ನೀನು ದೊಡ್ಡವಳು, ಡಾಕ್ಟರು ಒಪ್ಪಿದ್ದಾರೆ, ನಾನು ಯಾರು ಬೇಡ ಅನ್ನಲು. ಆದರೂ ಕೇಳುತ್ತೇನೆ. ಮಲಗಿರುವುದನ್ನು ಎಬ್ಬಿಸಬೇಕೇ? ಲೂಪಸ್ ಅಂದರೆ ನಮ್ಮ ಮೈ ನಮ್ಮನ್ನೇ ಹೊರಗಿನವರು ಅಂದುಕೊಂಡು ಕಚ್ಚುವ ಕಾಯಿಲೆ. ಅಂಥ ಮೈಯೊಳಗೆ ನಿಜವಾಗಿ ಹೊರಗಿನದೊಂದನ್ನು ತಂದಿಟ್ಟು, ಇದನ್ನು ಮಾತ್ರ ಕಚ್ಚಬೇಡ ಎಂದರೆ ಅದು ಕೇಳುತ್ತದೆಯೇ?

ನನಗೆ ಇಪ್ಪತ್ತೆರಡಕ್ಕೆ ಬಂತು. ಮೂರು ವರ್ಷ ಬಿಟ್ಟು ನಿನಗೆ. ಫ್ರಾಕು, ಸ್ಕೂಲ್ ಚೀಲ, ನೋಟ್ಸು ಎಲ್ಲ ನನ್ನದಾದ ಮೇಲೆ ನಿನ್ನದಾಗುತ್ತಿದ್ದ ಹಾಗೆ ಇದೂ ಎಂದು ಅಪ್ಪ ಹೇಳಿ ಅಮ್ಮನಿಂದ ಬೈಸಿಕೊಂಡಿದ್ದರು, ನೆನಪಿದೆಯೇ. ಆದರೆ ನನ್ನ ಹಳೆಯ ಬಟ್ಟೆ ನಿನ್ನ ಮೈಮೇಲೆ ಯಾವಾಗಲೂ ಹೊಸದರ ಹಾಗೆ ಕಾಣುತ್ತಿತ್ತು. ಇದೂ ಹಾಗೆಯೇ ಆಯಿತು. ನನ್ನಲ್ಲಿ ಕಿಡ್ನಿಗೆ ಇಳಿದದ್ದು, ನಿನ್ನಲ್ಲಿ ಕೆನ್ನೆಯ ಮೇಲೆ ಒಂದು ಕೆಂಪು ಚಿಟ್ಟೆ ಕೂರಿಸಿ, ಕೀಲುಗಳನ್ನು ಸ್ವಲ್ಪ ಅಲ್ಲಾಡಿಸಿ, ಸುಮ್ಮನಾಯಿತು.

ಒಂದು ಮಾತು ನೇರವಾಗಿ ಕೇಳುತ್ತೇನೆ. ಯಾರು ಅವನು? ಕನ್ನಡಕದ ಅಂಗಡಿಯ ನಿಮ್ಮ ಯಜಮಾನರೇ? ಮೂವತ್ತೆಂಟಕ್ಕೆ ಸುಮ್ಮನೆ ಯಾರೂ ಮೈಗೆ ಕತ್ತಿ ಹಾಕಿಸಿಕೊಳ್ಳುವುದಿಲ್ಲ.

ಅಮ್ಮ ಚೆನ್ನಾಗಿದ್ದಾಳೆ.

ಅಕ್ಕ


ಜನವರಿ ೨೯

ಅಕ್ಕಾ,

ನಮ್ಮ ಯಜಮಾನರಿಗೆ ಅರವತ್ತಾಯಿತು. ಯಾರ ಮುಖ ನೋಡಿದರೂ ಅವರಿಗೆ ತೋಚುವುದು ಪವರ್ ಎಷ್ಟಿರಬಹುದು ಎಂದು ಮಾತ್ರ. ಅವನು ಅಂತ ಯಾರೂ ಇಲ್ಲ. ನಿನಗೆ ಇದು ನಂಬಲು ಕಷ್ಟ ಎಂದು ಗೊತ್ತು, ಯಾರಾದರೂ ಇದ್ದಿದ್ದರೆ ನಿನಗೆ ಸುಲಭವಾಗುತ್ತಿತ್ತು.

ನನ್ನ ಕೆಲಸದ ಕೋಣೆಯಲ್ಲಿ ಮಸೂರ ಉಜ್ಜುವ ಯಂತ್ರದ ಎದುರು ಒಂದು ಉದ್ದದ ಕನ್ನಡಿಯಿದೆ. ಗಿರಾಕಿಗಳಿಗೆಂದು ತಂದು, ಅಂಚು ಒಡೆದದ್ದಕ್ಕೆ ಒಳಗೆ ತಳ್ಳಿದ್ದು. ದಿನವೂ ಅದರ ಮುಂದೆ ಬಗ್ಗಿ ಕೆಲಸ ಮಾಡುತ್ತೇನೆ. ಬಗ್ಗಿದಾಗ ಅಂಗಿಯೊಳಗಿನ ಪ್ಯಾಡು ಒಂದು ಕಡೆ ಉಳಿದು ನಾನು ಇನ್ನೊಂದು ಕಡೆ ಹೋಗುತ್ತೇನೆ. ಅಷ್ಟೇ ಕಾರಣ. ಬಗ್ಗಿದಾಗ ನನ್ನದೆಲ್ಲ ನನ್ನ ಜೊತೆಗೇ ಬರಬೇಕು.

ಮಾರ್ಚ್ ಮೂರಕ್ಕೆ ದಿನ ಗೊತ್ತಾಗಿದೆ. ಆಪರೇಷನ್ನಿಗೆ ಮುಂಚೆ ಒಂದು ಮಾತ್ರೆಯನ್ನು ಕೆಲವು ದಿನ ನಿಲ್ಲಿಸುತ್ತಾರೆ, ಇನ್ನೊಂದನ್ನು ನಿಲ್ಲಿಸುವ ಹಾಗೇ ಇಲ್ಲವಂತೆ. ಕೀಲಿನ ಡಾಕ್ಟರೂ ಸರ್ಜನ್ನೂ ಫೋನಿನಲ್ಲಿ ಮಾತಾಡಿಕೊಂಡಿದ್ದಾರೆ. ನನ್ನ ಬಗ್ಗೆ ಇಬ್ಬರು ಮಾತಾಡಿಕೊಳ್ಳುವುದು ನನಗೆ ಹೊಸದು. ನಮ್ಮ ಮನೆಯಲ್ಲಿ ಅದು ಯಾವಾಗಲೂ ನಿನ್ನ ಬಗ್ಗೆ.

ಸಣ್ಣಿ


ಫೆಬ್ರವರಿ ೬

ಸಣ್ಣೀ,

ಕೊನೆಯ ಸಾಲು ಓದಿದೆ.

ನನ್ನ ಮೂತ್ರದಲ್ಲಿ ಪ್ರೋಟೀನ್ ಮತ್ತೆ ಏರಿದೆ. ಮಾತ್ರೆ ಬದಲಾಯಿಸಿದ್ದಾರೆ. ನಿನಗೆ ಹೇಳಬಾರದು ಎಂದಿದ್ದೆ, ಅಮ್ಮ ಹೇಗೂ ಹೇಳುತ್ತಾಳೆ, ಅದಕ್ಕೆ ನಾನೇ ಬರೆದೆ. ಬೆಳಿಗ್ಗೆ ಕಾಲು ಊದಿರುತ್ತದೆ, ಸಂಜೆಗೆ ಕತ್ತರಿ ಹಿಡಿದ ಬೆರಳು ಬಿಡಿಸಿಕೊಳ್ಳಲು ಇನ್ನೊಂದು ಕೈ ಬೇಕು. ಯಜಮಾನಿ ಒಳ್ಳೆಯವಳು, ದಪ್ಪ ಬಟ್ಟೆ ಕತ್ತರಿಸುವುದನ್ನು ಬೇರೆಯವರಿಗೆ ಕೊಟ್ಟಿದ್ದಾಳೆ.

ಮಾರ್ಚ್ ಬಿಟ್ಟು ಜೂನ್ ಜುಲೈಗೆ ಹಾಕಿಕೊಳ್ಳಬಹುದೇ? ನನಗೆ ಸ್ವಲ್ಪ ಸರಿಹೋದರೆ ನಾನೂ ಬಂದು ನಿನ್ನ ಜೊತೆ ಇರಬಹುದು. ಒಬ್ಬಳೇ ಹೇಗೆ ಇರುತ್ತೀ? ಹೇಳುವುದು ಹೇಳಿದ್ದೇನೆ. ನಿನ್ನ ಇಷ್ಟ.

ಅಕ್ಕ


ಫೆಬ್ರವರಿ ೧೩

ಅಕ್ಕಾ,

ಪ್ರೋಟೀನ್ ವಿಷಯ ಓದಿ ಬೇಜಾರಾಯಿತು. ಹೊಸ ಮಾತ್ರೆ ಹಿಡಿಯಲಿ.

ದಿನ ಮುಂದೆ ಹಾಕುವುದಿಲ್ಲ. ಕೆಟ್ಟವಳು ಅಂದುಕೋ. ನನ್ನ ಡಿಪ್ಲೊಮಾ ಪರೀಕ್ಷೆಯ ವಾರ ನಿನಗೆ ಜ್ವರ ಬಂತು. ನಾನು ಈ ಕೆಲಸಕ್ಕೆ ಹೊರಟ ದಿನ ನೀನು ಆಸ್ಪತ್ರೆಯಲ್ಲಿದ್ದೆ, ನನ್ನನ್ನು ಬಸ್ಸು ಹತ್ತಿಸಲು ಯಾರೂ ಬರಲಿಲ್ಲ. ನೀನು ಬೇಕೆಂದು ಮಾಡಿದೆ ಅನ್ನುವುದಿಲ್ಲ. ನನ್ನ ಮೈ ಸುಮ್ಮನಿರುವ ಕಾಲಕ್ಕೂ ನಿನ್ನ ಮೈ ಸುಮ್ಮನಿರುವ ಕಾಲಕ್ಕೂ ತಾಳ ಕೂಡುವವರೆಗೆ ಕಾಯುವುದಾದರೆ ನನಗೆ ಎಪ್ಪತ್ತಾಗುತ್ತದೆ, ಆಗ ಜೋತದ್ದಕ್ಕೆ ಯಾರೂ ಏನೂ ಅನ್ನುವುದಿಲ್ಲ.

ಈಗ ಒಂದು ಉಪಕಾರ. ಆಪರೇಷನ್ ಆದ ಮೇಲೆ ಆರು ವಾರ ಹಗಲೂ ರಾತ್ರಿ ಎದೆಗೆ ಆಸರೆ ಕೊಡುವ ಒಳ ಉಡುಪು ಹಾಕಬೇಕು. ಅಂಗಡಿಯಲ್ಲಿ ಸಿಗುವುದರ ಎಲಾಸ್ಟಿಕ್ಕಿಗೆ ನನ್ನ ಚರ್ಮ ಒಂದೇ ದಿನದಲ್ಲಿ ಕೆಂಪೇರಿ ತುರಿಸುತ್ತದೆ, ಹಾಕಿ ನೋಡಿದೆ. ಮೆತ್ತನೆಯ ಹತ್ತಿ ಬಟ್ಟೆಯಲ್ಲಿ, ಮುಂದೆ ಹುಕ್ಕು ಇಟ್ಟು, ಎರಡು ಹೊಲಿದು ಕೊಡು. ಕೈ ನೋಯುತ್ತದೆ ಎಂದು ಗೊತ್ತಿದ್ದೂ ಕೇಳುತ್ತಿದ್ದೇನೆ.

ಸರ್ಜನ್ ಹತ್ತಿರದ ನರ್ಸಮ್ಮ ಅಳತೆ ಬರೆದುಕೊಟ್ಟಿದ್ದಾರೆ, ಬೇರೆ ಚೀಟಿಯಲ್ಲಿದೆ. ಎದೆಯ ಸುತ್ತಳತೆ ಈಗಿನದಕ್ಕಿಂತ ಮೂರು ಇಂಚು ಹೆಚ್ಚು. ಗಟ್ಟಿಯಾಗಿ ಹಿಡಿಯಬೇಕು, ಒತ್ತಬಾರದು, ಅಂಚಿನ ಕೆಳಗೆ ಎರಡು ಬೆರಳು ಸಲೀಸಾಗಿ ಹೋಗಬೇಕು ಎಂದರು. ನೀನು ಯಾವಾಗಲೂ ಬಿಡುವ ಹಾಗೆ ಒಳಗೆ ಮಾರ್ಜಿನ್ ಬಿಡು. ಊತ ಇದ್ದರೆ ಹೊಲಿಗೆ ಬಿಚ್ಚಿ ಸಡಿಲ ಮಾಡಿಕೊಳ್ಳುತ್ತೇನೆ.

ಸಣ್ಣಿ


ಫೆಬ್ರವರಿ ೨೪

ಸಣ್ಣೀ,

ಪಾರ್ಸೆಲ್ಲಿನಲ್ಲಿ ಎರಡೂ ಇವೆ. ಬಿಳಿಯದು ಒಂದು, ಗಂಧದ ಬಣ್ಣದ್ದು ಒಂದು. ಬಟ್ಟೆಯನ್ನು ಎರಡು ಸಲ ತೊಳೆದು ಗಂಜಿ ತೆಗೆದು ಹೊಲಿದಿದ್ದೇನೆ. ಹುಕ್ಕಿನ ಹಿಂದೆ ಪಟ್ಟಿ ಕೊಟ್ಟಿದ್ದೇನೆ, ಚುಚ್ಚುವುದಿಲ್ಲ. ಹೊಲಿಗೆಗಳನ್ನೆಲ್ಲ ಹೊರಗೆ ಮಾಡಿದ್ದೇನೆ, ಗಾಯಕ್ಕೆ ತಾಗಬಾರದು ಎಂದು.

ಕಾಜಾ ಹಾಕುವವಳು ಯಾರಿಗೆ ಎಂದು ಕೇಳಿದಳು. ತಂಗಿಗೆ ಎಂದೆ. ಬಾಣಂತಿಯಾ ಎಂದಳು. ಅಲ್ಲ ಎಂದೆ. ಮತ್ತೇನೂ ಹೇಳದಿದ್ದುದಕ್ಕೆ ಈಗ ಅಂಗಡಿಯಲ್ಲಿ ನಿನಗೆ ಏನೇನು ಆಗಿದೆ ಎಂದು ಮಾತಾಡಿಕೊಳ್ಳುತ್ತಿದ್ದಾರೋ ದೇವರಿಗೇ ಗೊತ್ತು.

ನಿನ್ನ ಬಟ್ಟೆ ಹೊಲಿಯುವುದು ನನಗೆ ಕಷ್ಟದ ಕೆಲಸವೇ ಅಲ್ಲ. ನಿನಗೆಂದು ಹೊಲಿದದ್ದನ್ನು ಎಂದಿನಂತೆ ನಾನೇ ಹಾಕಿಕೊಂಡು ನೋಡಿದೆ, ಟ್ರಯಲ್ ಕೋಣೆಯ ಬಾಗಿಲು ಹಾಕಿಕೊಂಡು. ಹೇಳಿ ಮಾಡಿಸಿದಂತೆ ಕೂತಿತು. ಇಷ್ಟು ವರ್ಷದಲ್ಲಿ ನನ್ನ ಮೈಗೆ ಸರಿಹೋದದ್ದು ನಿನಗೆ ಸರಿಹೋಗದೆ ಇದ್ದದ್ದು ಒಂದು ಸಲವೂ ಇಲ್ಲ.

ಮೂರನೇ ತಾರೀಕು ಅಮ್ಮನಿಗೆ ಏನೂ ಹೇಳುವುದಿಲ್ಲ. ನೀನು ತರಬೇತಿಗೆ ಹೋಗಿದ್ದೀ, ಫೋನ್ ಸಿಗುವುದಿಲ್ಲ ಎಂದಿದ್ದೇನೆ. ಎಂಥ ತರಬೇತಿ ಎಂದು ಕೇಳಿದಳು. ಕಣ್ಣಿನದು ಎಂದೆ.

ಅಕ್ಕ


ಮಾರ್ಚ್ ೧೦

ಅಕ್ಕಾ,

ಬದುಕಿದ್ದೇನೆ. ಮಂಚದ ಮೇಲೆ ದಿಂಬಿಗೆ ಒರಗಿ, ಮೊಣಕೈ ಮೈಗಂಟಿಸಿ ಬರೆಯುತ್ತಿದ್ದೇನೆ, ಅದಕ್ಕೆ ಅಕ್ಷರ ಹೀಗೆ. ಒಂದೇ ರಾತ್ರಿ ಆಸ್ಪತ್ರೆಯಲ್ಲಿ ಇಟ್ಟುಕೊಂಡರು. ಎದುರು ಮನೆಯ ಟೀಚರ್ ಊಟ ಕೊಟ್ಟು ಹೋಗುತ್ತಾರೆ. ಪಿತ್ತಕೋಶದ ಆಪರೇಷನ್ ಎಂದು ಅವರಿಗೆ ಹೇಳಿದ್ದೇನೆ, ಅದಕ್ಕೇ ಎಣ್ಣೆಯಿಲ್ಲದ ಊಟ ಬರುತ್ತಿದೆ.

ಎರಡು ದಿನದ ಹಿಂದೆ ಬ್ಯಾಂಡೇಜು ತೆಗೆದರು. ನರ್ಸಮ್ಮ ಕನ್ನಡಿ ಹಿಡಿದರು. ಊತ, ನೀಲಿ, ಹಳದಿ, ಟೇಪಿನ ಗುರುತು, ಎಲ್ಲ ಇತ್ತು. ಅದರೊಳಗೆ ಅವೂ ಇದ್ದವು. ಸಮ. ಅಕ್ಕಾ, ನಾನು ಹಾಗೆ ಅಳುವವಳಲ್ಲ, ನಿನಗೆ ಗೊತ್ತು. ಮೂಗು ಸುರಿಯುವಷ್ಟು ಅತ್ತೆ. ಅವರು ಟಿಶ್ಯೂ ಕೊಟ್ಟು, ಮೂಗು ಜೋರಾಗಿ ಸೀಟಬೇಡಿ, ಎದೆಗೆ ಭಾರ ಬೀಳುತ್ತೆ ಎಂದರು.

ನೀನು ಹೊಲಿದದ್ದನ್ನೇ ಹಾಕಿಕೊಂಡಿದ್ದೇನೆ. ಬಟ್ಟೆ ಬೆಣ್ಣೆಯ ಹಾಗಿದೆ. ಸ್ವಲ್ಪ ಬಿಗಿ. ಎರಡು ಬೆರಳು ಹೋಗುವುದಿಲ್ಲ, ಒಂದು ಕಷ್ಟಪಟ್ಟು ಹೋಗುತ್ತದೆ. ಹೊಲಿಗೆ ಬಿಚ್ಚೋಣ ಎಂದರೆ ಕೈ ಎತ್ತಬಾರದು ಎಂದಿದ್ದಾರೆ. ಊತ ಇಳಿದರೆ ಸರಿಹೋಗುತ್ತದೆ. ಹಾಕಿಕೊಳ್ಳುವ ಮೊದಲು ಆಸ್ಪತ್ರೆಯ ನರ್ಸಮ್ಮನಿಗೆ ತೋರಿಸಿ, ಇದು ನಮ್ಮಕ್ಕ ಹೊಲಿದದ್ದು, ಅವಳ ಅಳತೆ ತಪ್ಪುವುದೇ ಇಲ್ಲ ಎಂದು ಜಂಬ ಕೊಚ್ಚಿಕೊಂಡೆ. ಮುಂದಿನ ತಪಾಸಣೆ ಹದಿನೆಂಟಕ್ಕೆ.

ಒಮ್ಮೆ ನೀನು ನೋಡಬೇಕು.

ಸಣ್ಣಿ


ಮಾರ್ಚ್ ೧೬

ಸಣ್ಣೀ,

ಅದನ್ನು ತೆಗೆದುಬಿಡು. ಎರಡನ್ನೂ. ಈ ಕಾಗದ ಕೈಗೆ ಬಂದ ಕೂಡಲೇ ತೆಗೆದು ಡಾಕ್ಟರಿಗೆ ತೋರಿಸು. ಅಂಗಡಿಯದ್ದೇ ಒಂದು ತಂದು, ಒಳಗೆ ಹಳೆಯ ಹತ್ತಿ ಬಟ್ಟೆ ಇಟ್ಟು ಹಾಕಿಕೋ. ತುರಿಸಿದರೆ ತುರಿಸಲಿ.

ಬಿಗಿ ಇರುವುದು ಒಳ್ಳೆಯದಲ್ಲ.

ಅಕ್ಕ


ಮಾರ್ಚ್ ೩೦

ಅಕ್ಕಾ,

ನಿನ್ನ ಕಾಗದ ಬಂದಾಗ ನಾನು ಮನೆಯಲ್ಲಿರಲಿಲ್ಲ. ಹದಿನೇಳರ ಬೆಳಿಗ್ಗೆ ಚಳಿ ಜ್ವರ ಬಂತು. ಎಡಗಡೆ ಕೆಳಗಿನ ಹೊಲಿಗೆಯ ಹತ್ತಿರ, ಉಡುಪಿನ ಅಂಚು ಒತ್ತಿದ ಗೆರೆಯ ಮೇಲೇ, ಚರ್ಮ ಕಪ್ಪಾಗಿ ಬಿರಿದಿತ್ತು. ಟೀಚರ್ ಆಟೋ ಮಾಡಿಸಿಕೊಂಡು ಕರೆದುಕೊಂಡು ಹೋದರು. ದಾರಿಯಲ್ಲಿ ಅವರಿಗೆ ಪಿತ್ತಕೋಶ ಅಲ್ಲ ಎಂದು ಹೇಳಿದೆ. ಅದು ಅವತ್ತೇ ಗೊತ್ತಾಗಿತ್ತು, ಪಿತ್ತಕೋಶದವರು ಹೊಟ್ಟೆ ಹಿಡ್ಕೊಂಡು ನಡೀತಾರೆ ಎಂದರು.

ಎಡಗಡೆಯದನ್ನು ತೆಗೆದಿದ್ದಾರೆ. ಬೇರೆ ದಾರಿಯಿರಲಿಲ್ಲ. ಸೋಂಕು ಇಂಪ್ಲಾಂಟಿನವರೆಗೆ ಹೋಗಿತ್ತು. ಮತ್ತೆ ಇಡಬಹುದೇ ಎಂದು ಕೇಳಿದೆ. ಮೊದಲು ಗಾಯ ಮಾಯಲಿ, ಕಾಯಿಲೆ ಏಳದೆ ಇರಲಿ, ವರ್ಷದ ಮೇಲೆ ನೋಡೋಣ ಎಂದರು. ನೋಡೋಣ ಅಂದದ್ದು ನೋಡದವರ ಧ್ವನಿಯಲ್ಲಿತ್ತು. ಬಲಗಡೆಯದು ಚೆನ್ನಾಗಿದೆ.

ಇದು ಲೂಪಸ್ಸಿನಿಂದಲೂ ಆಗುತ್ತಿತ್ತೇ ಎಂದು ಸರ್ಜನ್ನನ್ನು ಕೇಳಿದೆ. ಆಗಬಹುದಿತ್ತು ಎಂದರು. ಬಿಗಿಯಿಂದ ಆಯಿತೇ ಎಂದು ಕೇಳಿದೆ. ನಿಮ್ಮ ಚರ್ಮಕ್ಕೆ ಅಷ್ಟು ಒತ್ತಡ ತಡೆಯುವ ಶಕ್ತಿಯಿಲ್ಲ ಎಂದರು. ಯಾವುದು ಎಷ್ಟು ಪಾಲು ಎಂದು ಯಾರೂ ಹೇಳುವುದಿಲ್ಲ.

ಮೊನ್ನೆ ಮನೆಗೆ ಬಂದು ಗಂಧದ ಬಣ್ಣದ್ದನ್ನು ಕೈಗೆತ್ತಿಕೊಂಡೆ. ಹೊಲಿಗೆ ಹಿಡಿದು ನೋಡಿದೆ. ಮಾರ್ಜಿನ್ ಇಲ್ಲ. ಒಂದು ದಾರದಷ್ಟೂ ಇಲ್ಲ. ನೀನು ನನ್ನ ಸ್ಕೂಲಿನ ಲಂಗಕ್ಕೂ ಒಂದು ಬೆರಳು ಬಿಟ್ಟು ಹೊಲಿದವಳು.

ಎರಡು ಪ್ರಶ್ನೆ. ಅಳತೆ ಕಳಿಸಿದ್ದೆನಲ್ಲ, ಏನು ಮಾಡಿದೆ? ಬಿಗಿ ಇದೆ ಎಂದು ಓದಿದವಳು ಫೋನ್ ಯಾಕೆ ಮಾಡಲಿಲ್ಲ?

ಸಣ್ಣಿ


ಏಪ್ರಿಲ್ ೬

ಸಣ್ಣೀ,

ನಿನ್ನ ಕಾಗದ ಓದಿ ನನಗೆ ಎರಡು ದಿನ ಅನ್ನ ಸೇರಲಿಲ್ಲ. ಅಮ್ಮ ಏನಾಯಿತು ಎಂದರೆ ಮಾತ್ರೆಯ ಮೇಲೆ ಹಾಕಿದೆ.

ಮಾರ್ಜಿನ್ ಬಿಡದ್ದು ಗಾಯಕ್ಕೆ ತಾಗುತ್ತದೆ ಎಂದು. ಬರೆದಿದ್ದೆ, ಹೊಲಿಗೆ ಹೊರಗೆ ಮಾಡಿದ್ದೇನೆ ಎಂದು. ಹೊರಗೆ ಮಾಡಿದ ಮೇಲೆ ಅಗಲ ಬಿಟ್ಟರೆ ಅಂಗಿಯ ಮೇಲೆ ಎದ್ದು ಕಾಣುತ್ತದೆ, ಅದಕ್ಕೆ ಕತ್ತರಿಸಿದೆ. ಅಳತೆಯ ವಿಷಯ, ಅಭ್ಯಾಸಬಲ. ಕೈ ತನ್ನಷ್ಟಕ್ಕೆ ಹಳೆಯ ಗೆರೆ ಹಿಡಿಯಿತು. ನೋವಿನಲ್ಲಿ ಕೆಲಸ ಮಾಡುತ್ತಿದ್ದೆ. ಅಮ್ಮನ ಎದುರು ಫೋನ್ ಹೇಗೆ ಮಾಡಲಿ?

ನಾನು ಯೋಚಿಸಿದೆ. ಬಲಗಡೆಯದನ್ನೂ ತೆಗೆಸಿಬಿಡು. ಒಂದೇ ಕಡೆ ಇಟ್ಟುಕೊಂಡು ಒದ್ದಾಡುವುದಕ್ಕಿಂತ ಅದೇ ಮೇಲು. ಮೊದಲಿನ ಹಾಗೆ ಆಗಿಬಿಡುತ್ತೀ. ನಿನಗೆ ಎಂಥ ಬಟ್ಟೆ ಬೇಕೋ ನಾನು ಹೊಲಿದು ಕೊಡುತ್ತೇನೆ, ಯಾರಿಗೂ ಗೊತ್ತಾಗದ ಹಾಗೆ. ಇಷ್ಟು ವರ್ಷ ಗೊತ್ತಾಯಿತೇ?

ಅಕ್ಕ


ಏಪ್ರಿಲ್ ೧೪

ಅಕ್ಕಾ,

ಅಮ್ಮನ ಎದುರು ಯಾಕೆ? ನಿಮ್ಮ ಅಂಗಡಿಯಲ್ಲಿ ಫೋನ್ ಇದೆ. ಬಿಲ್ ಪುಸ್ತಕದ ಮೇಲೆ ನಂಬರೂ ಅಚ್ಚಾಗಿದೆ.

ಬಲಗಡೆಯದನ್ನು ತೆಗೆಸುವುದಿಲ್ಲ. ಅದು ನಿನಗೆ ಏನು ಮಾಡಿತು?

ಇಲ್ಲಿ ಸಂತೆಬೀದಿಯ ಹಿಂದೆ ಒಬ್ಬ ಟೈಲರಮ್ಮ ಇದ್ದಾರೆ. ಮೂರು ಸಲ ಟೇಪು ಹಿಡಿದರು. ಯಾಕೆ ಹೀಗಾಯಿತು ಎಂದು ಕೇಳಲಿಲ್ಲ, ಎಡಗಡೆ ಎಷ್ಟು ತುಂಬಿಸಲಿ ಎಂದು ಮಾತ್ರ ಕೇಳಿದರು. ಅಳತೆ ತೆಗೆಯುವಾಗ ಕೈ ತಣ್ಣಗಿತ್ತು, ಮೊದಲು ತಮ್ಮ ಕೆನ್ನೆಗೆ ಒತ್ತಿ ಬೆಚ್ಚಗೆ ಮಾಡಿಕೊಂಡರು. ಹೊಲಿಗೆ ನಿನ್ನಷ್ಟು ನಯ ಇಲ್ಲ. ಎರಡು ಬೆರಳು ಹೋಗುತ್ತದೆ.

ನನಗಿನ್ನು ಬಟ್ಟೆ ಹೊಲಿಯಬೇಡ.

ಸಣ್ಣಿ


ಏಪ್ರಿಲ್ ೨೫

ಸಣ್ಣೀ,

ನಾಲ್ಕು ಸಲ ಬರೆದು ಹರಿದಿದ್ದೇನೆ. ಇದನ್ನು ಹರಿಯುವುದಿಲ್ಲ.

ಆ ಟೈಲರಮ್ಮನ ವಿಷಯ ಓದಿದಾಗ ನನಗೆ ಮೊದಲು ಬಂದದ್ದು ಪಶ್ಚಾತ್ತಾಪ ಅಲ್ಲ. ಹೊಟ್ಟೆ ಉರಿಯಿತು. ಯಾರೋ ಒಬ್ಬಳು ನಿನ್ನ ಮೈಗೆ ಟೇಪು ಹಿಡಿದಳು ಎಂದು. ನಾನು ಎಂಥವಳು ಎಂದು ಅಲ್ಲಿಂದಲೇ ತಿಳಿದುಕೊಂಡೆ.

ನಿನ್ನ ಅಳತೆಯ ಚೀಟಿ ಕತ್ತರಿಸುವ ಮೇಜಿನ ಮೇಲೇ ಇತ್ತು. ಖಾಕಿ ಕಾಗದದ ಮೇಲೆ ಅದರಂತೆಯೇ ಗೆರೆ ಎಳೆದೆ. ಎಳೆದು ನೋಡಿದೆ. ಎದೆಯ ಬಾಗು ಎಷ್ಟು ಚೆನ್ನಾಗಿ ಬಂದಿತ್ತೆಂದರೆ, ಅಂಥ ಗೆರೆಯನ್ನು ನಾನು ದಿನವೂ ಬೇರೆಯವರಿಗೆ ಎಳೆಯುತ್ತೇನೆ, ನಮ್ಮಿಬ್ಬರಿಗೆ ಎಂದೂ ಎಳೆದಿರಲಿಲ್ಲ. ಈಗ ನಿನಗೆ ಎಳೆದಿದ್ದೆ, ನನಗಲ್ಲ. ಅದನ್ನು ಮಡಿಚಿ ಬುಟ್ಟಿಗೆ ಹಾಕಿ, ನಮ್ಮ ಹಳೆಯ ಅಳತೆಯದನ್ನು ಹಾಸಿ ಬಟ್ಟೆ ಕತ್ತರಿಸಿದೆ. ಬಿಗಿ ಇದ್ದರೆ ಊತಕ್ಕೆ ಒಳ್ಳೆಯದು ಎಂದು ನನಗೆ ನಾನೇ ಹೇಳಿಕೊಂಡೆ. ನಿನಗೆ ಗಾಯವಾಗಲಿ ಎಂದುಕೊಳ್ಳಲಿಲ್ಲ, ಇದನ್ನು ನೀನು ನಂಬಬೇಕಾಗಿಲ್ಲ. ಆ ಉಡುಪು ನಿನ್ನ ಮೈಗೆ ಸರಿಹೋಗಬಾರದು ಎಂದುಕೊಂಡೆ. ಹಾಕಿಕೊಳ್ಳುವಾಗ ಅಯ್ಯೋ ಅಕ್ಕ ಇನ್ನೂ ಇಷ್ಟೇ ಇದ್ದಾಳೆ ಎಂದು ನಿನಗೆ ಅನ್ನಿಸಲಿ ಎಂದುಕೊಂಡೆ. ಬಿಚ್ಚಿ ಅಗಲಿಸಿಕೊಳ್ಳುತ್ತೀ ಎಂದು ಗೊತ್ತಿತ್ತು. ಅದಕ್ಕೇ ಮಾರ್ಜಿನ್ ಕತ್ತರಿಸಿದೆ.

ನಿನ್ನ ಹತ್ತನೇ ತಾರೀಕಿನ ಕಾಗದ ನನಗೆ ಹದಿನಾಲ್ಕಕ್ಕೇ ಬಂದಿತ್ತು. ಫೋನ್ ಯಜಮಾನಿಯ ಮೇಜಿನ ಮೇಲಿತ್ತು. ಎರಡು ದಿನ ಅದರ ಪಕ್ಕದಲ್ಲೇ ಓಡಾಡಿದೆ. ಸಮ ಎಂದು ಬರೆದಿದ್ದೆಯಲ್ಲ, ಆ ಸಾಲು ನನ್ನನ್ನು ಮುಂದಿನ ಸಾಲಿಗೆ ಹೋಗಲು ಬಿಡಲಿಲ್ಲ. ಕೊನೆಗೆ ಬರೆದಾಗಲೂ ಅಂಚೆಗೆ ಹಾಕಿದೆ. ಅಂಚೆ ನಿಧಾನ ಎಂದು ತಿಳಿದೇ.

ನಿನಗೆ ಹೇಳದ ಇನ್ನೊಂದು ವಿಷಯವಿದೆ. ನಾಲ್ಕು ವರ್ಷದ ಹಿಂದೆ ನಾನೂ ಒಬ್ಬ ಸರ್ಜನ್ನಿನ ಹತ್ತಿರ ಹೋಗಿದ್ದೆ, ಇದೇ ಆಪರೇಷನ್ನಿಗೆ. ಅಮ್ಮನಿಗೆ ಬಟ್ಟೆ ಖರೀದಿ ಎಂದು ಹೇಳಿ. ಅವರು ನನ್ನ ಬಟ್ಟೆ ಬಿಚ್ಚಿಸಲೂ ಇಲ್ಲ. ರಿಪೋರ್ಟು ನೋಡಿ, "ನಿಮ್ಗೆ ಕಿಡ್ನಿ ಉಳಿದ್ರೆ ಸಾಕಮ್ಮ" ಅಂದರು. ಹೊರಗೆ ಬಂದು ಬಸ್‌ಸ್ಟಾಪಿನಲ್ಲಿ ಕೂತೆ. ನಾಚಿಕೆಯಾಗಿತ್ತು, ಯಾವುದಕ್ಕೆ ಎಂದು ಇವತ್ತಿಗೂ ಗೊತ್ತಿಲ್ಲ.

ನಿನ್ನೆ ಅಮ್ಮನಿಗೆ ಹೇಳಿಬಿಟ್ಟೆ, ಎಲ್ಲವನ್ನೂ. ನಾನು ಮಾಡಿದ್ದನ್ನೂ. ಪೂರ್ತಿ ಕೇಳಿಸಿಕೊಂಡಳು. ಆಮೇಲೆ, "ಚಿಕ್ಕೋಳಿಗೆ ನೋವಿದ್ಯಾ ಈಗ್ಲೂ?" ಅಂದಳು. ಸ್ವಲ್ಪ ಇರಬಹುದು ಎಂದೆ. ಕಿಟಕಿಯ ಕಡೆ ತಿರುಗಿ, "ಇರೋ ಒಂದು ನೋಡೋಕೆ ಚೆನ್ನಾಗಿದ್ಯಂತಾ?" ಎಂದು ಕೇಳಿದಳು. ಸಣ್ಣೀ, ಆ ಹೊತ್ತಿನಲ್ಲೂ ನನ್ನ ಹೊಟ್ಟೆ ಮತ್ತೆ ಉರಿಯಿತು.

ನನ್ನ ಪ್ರೋಟೀನ್ ಇಳಿದಿದೆ. ಪ್ರಯಾಣ ಮಾಡಬಹುದು ಎಂದಿದ್ದಾರೆ. ಬರಲೇ? ಹೊಲಿಯುವುದಕ್ಕಲ್ಲ. ಬೇಡ ಎಂದರೆ ಬರುವುದಿಲ್ಲ.

ಅಕ್ಕ


ಮೇ ೭

ಅಕ್ಕಾ,

ಅಮ್ಮ ಫೋನ್ ಮಾಡಿದ್ದಳು. ಮೊದಲ ಸಲ ಸ್ಪೀಕರ್ ಹಾಕದೆ ಮಾತಾಡಿದಳು. ನಿನ್ನ ಬಗ್ಗೆ ಒಂದು ಮಾತೂ ಆಡಲಿಲ್ಲ, ಅದು ನಮ್ಮ ಮನೆಯಲ್ಲಿ ಹೊಸದು. ನನಗೆ ಖುಷಿಯಾಗಬೇಕಿತ್ತು. ಫೋನ್ ಇಟ್ಟ ಮೇಲೆ ನೋಡಿದರೆ ನಿನ್ನ ಕಾಲಿನ ಊತ ಇಳಿಯಿತೇ ಎಂದು ಕೇಳಲು ಮರೆತೆನಲ್ಲ ಎಂದು ಕೈ ಕೈ ಹಿಸುಕಿಕೊಳ್ಳುತ್ತಿದ್ದೆ.

ನಿನ್ನನ್ನು ಕ್ಷಮಿಸಿದ್ದೇನೆ ಎಂದು ಬರೆಯಲಾರೆ. ಗಾಯ ಇನ್ನೂ ಪೂರ್ತಿ ಮಾಯ್ದಿಲ್ಲ, ದಿನಾ ಡ್ರೆಸ್ಸಿಂಗ್ ಮಾಡುವಾಗ ನಿನ್ನ ಮೇಲೆ ಸಿಟ್ಟು ಬರುತ್ತದೆ. ಡ್ರೆಸ್ಸಿಂಗ್ ಮುಗಿದ ಮೇಲೂ ಬರುತ್ತದೆ. ಆ ಬಸ್‌ಸ್ಟಾಪಿನ ವಿಷಯವನ್ನು ಅವತ್ತೇ ಬರೆದಿದ್ದರೆ ನಾನು ಬಂದು ನಿನ್ನ ಪಕ್ಕದಲ್ಲಿ ಕೂರುತ್ತಿದ್ದೆ. ನೀನು ಬರೆಯಲಿಲ್ಲ. ನಾನು ಆ ವರ್ಷ ನನ್ನ ಕಾಯಿಲೆ ಇಳಿಯಿತು ಎಂದು ಕಾಗದದ ಮೇಲೆ ಕಾಗದ ಬರೆದೆ.

ನನ್ನ ಮನೆಯಲ್ಲಿ ಒಂದೇ ಮಂಚ. ಕೆಳಗೆ ಹಾಸಿಕೊಂಡರೆ ನಿನಗೆ ಬೆಳಿಗ್ಗೆ ಏಳಲಾಗುವುದಿಲ್ಲ, ನನಗೂ ಆಗುವುದಿಲ್ಲ. ಇಬ್ಬರೂ ಮೇಲೆಯೇ ಮಲಗಬೇಕು, ನೀನು ನನ್ನ ಬಲಗಡೆ. ನಿನ್ನ ಮುಂದೆ ಬಟ್ಟೆ ಬಿಚ್ಚಲು ನನಗೆ ನಾಚಿಕೆಯಿಲ್ಲ. ಎಡಗಡೆ ನೋಡಿದರೆ ನೀನು ಅಳುತ್ತೀ, ಬಲಗಡೆ ನೋಡಿದರೆ ಹೊಟ್ಟೆಕಿಚ್ಚು ಪಡುತ್ತೀ. ಎರಡನ್ನೂ ನೋಡುವಷ್ಟು ಹೊತ್ತು ನಿಲ್ಲುವುದಾದರೆ ಬಾ.

ಸಣ್ಣಿ